ಪಟಾಕಿ ತೆಗೆದ ಸ್ನೇಹದ ಫೋಟೋ

ಸ್ಟುಡಿಯೋದವನಿಗೆ ಬೀದಿಯವರು ಇಟ್ಟ ಹೆಸರು ಪಟಾಕಿ. ನಾಲ್ಕನೇ ಕ್ಲಾಸಿಗೇ ಶಾಲೆಗೆ ದೊಡ್ಡ ನಮಸ್ಕಾರ ಹಾಕಿ, ಮಾವನ ಕ್ಯಾಮೆರಾ ಹೊತ್ತು, ಮದುವೆಮನೆಗಳಲ್ಲಿ ಬೀಗರ ಜೊತೆ ಜಗಳವಾಡುತ್ತಲೇ ಕೆಲಸ ಕಲಿತವನು. ಸುಳ್ಳುನಗೆ ಕಂಡರೆ ಅವನಿಗೆ ಮೈಯೆಲ್ಲ ಉರಿ. ಆದರೆ ಹೊಟ್ಟೆಪಾಡು ನಡೆಯುತ್ತಿದ್ದದ್ದು ಅದರಿಂದಲೇ.

ಕಾಲೇಜಿಗೆ ಹೊರದೇಶದ ಮಕ್ಕಳು ಬೇಕಾಗಿದ್ದರು. ಅದಕ್ಕೊಂದು ಪುಸ್ತಿಕೆ, ಪುಸ್ತಿಕೆಯ ಮುಖಕ್ಕೊಂದು ಫೋಟೋ. ನಡುವೆ ಪರದೇಶದ ಹುಡುಗಿ, ಸುತ್ತ ಅವಳ ಕ್ಲಾಸಿನ ನಾಲ್ವರು, ಎಲ್ಲರೂ ಒಂದೇ ಬಳ್ಳಿಯ ಹೂಗಳಂತೆ ಇರಬೇಕೆಂದು ಮೇಲ್ವಿಚಾರಕರ ಅಪ್ಪಣೆ. ಆ ಹುಡುಗಿ ಬಂದಾಗಿನಿಂದ ಕ್ಯಾಂಟೀನಿನ ಕಿಟಕಿಗೆ ಮುಖ ಮಾಡಿ ಒಬ್ಬಳೇ ಉಣ್ಣುವುದು ಈ ಮಹಾಶಯರ ಕಣ್ಣಿಗೆ ಬಿದ್ದಿರಲಿಲ್ಲ. ಗುರುತಿನ ಚೀಟಿಯ ಫೋಟೋಗೆಂದು ಹೋಗಿಬರುತ್ತಿದ್ದ ಪಟಾಕಿ ಕಂಡಿದ್ದ.

"ಹೆಗಲ ಮೇಲೆ ಕೈ ಹಾಕ್ರೋ. ದೆವ್ವ ಮುಟ್ಟೋ ಹಾಗೆ ಮುಟ್ಟಬೇಡಿ," ಎಂದ, ಐವರನ್ನೂ ಕಾಲೇಜಿನ ಸಭಾಂಗಣದಲ್ಲಿ ನಿಲ್ಲಿಸಿ.

ಹಾಕಿದರು. ಹಲ್ಲು ಕಿರಿದರು. ಅವನು "ಆಯ್ತು" ಎಂದನೋ ಇಲ್ಲವೋ, ನಾಲ್ಕೂ ಕೈಗಳು ಕಾದ ಬಾಣಲೆ ಮುಟ್ಟಿದಂತೆ ಹಿಂದೆ ಸರಿದವು. ಹುಡುಗಿಯ ನಗು ಇನ್ನೂ ಇಳಿದಿರಲಿಲ್ಲ.

ಅವಳು ಹತ್ತಿರ ಬಂದು, ಕ್ಯಾಂಟೀನಿನವರಿಂದ ಕಲಿತ ಕನ್ನಡದಲ್ಲಿ ಕೇಳಿದಳು. "ಅಣ್ಣಾ, ಇದು ನನಗೂ ಒಂದು ಕೊಡ್ತೀರಾ? ಅಮ್ಮನಿಗೆ ಕಳಿಸ್ಬೇಕು. ಸ್ನೇಹಿತರಿದ್ದಾರೆ ಅಂತ ಹೇಳ್ಬಿಟ್ಟಿದ್ದೀನಿ. ಯಾರೂ ಇಲ್ಲ ಅಂತ ಗೊತ್ತಾದ್ರೆ ಓದು ಬಿಟ್ಟು ಬಾ ಅಂತಾಳೆ."

"ಅದಕ್ಕೇನು ತಾಯಿ, ಕೊಡ್ತೀನಿ."

"ಇವರ ಹೆಸರೇನು? ಅಮ್ಮ ಕೇಳ್ತಾಳೆ."

ಪಟಾಕಿಗೆ ಕಿಡಿ ತಗಲಿತು. ಬೀದಿನಾಯಿಗಳಾದರೂ ಮೂಸಿ ನೋಡಿ ಪರಿಚಯ ಮಾಡಿಕೊಳ್ಳುತ್ತವೆ. ಓದಿದ ಈ ಮೂಢರಿಗೆ ಅಷ್ಟೂ ಬಂದಿರಲಿಲ್ಲ.

"ಬನ್ರೋ ಇಲ್ಲಿ. ಫೋಟೋ ಸರಿ ಬಂದಿಲ್ಲ."

ಮತ್ತೆ ನಿಲ್ಲಿಸಿದ. ಲೆನ್ಸು ಒರೆಸಿದ. ಲೈಟು ಅತ್ತ ಸರಿಸಿ ಇತ್ತ ತಂದ. ಮತ್ತೆ ಲೆನ್ಸು ಒರೆಸಿದ.

"ಎಷ್ಟೊತ್ತು ಅಂಕಲ್?" ಉದ್ದ ಕೂದಲಿನವನು ಗೊಣಗಿದ.

"ನಿನ್ನ ಮುಖದಲ್ಲಿ ಸ್ನೇಹ ಬರೋ ತನಕ. ಅವಳ ಹೆಸರು ಹಿಡಿದು ಮಾತಾಡು, ಬರುತ್ತೆ."

ಅವನು ಪಕ್ಕದ ಕನ್ನಡಕದವಳನ್ನು ನೋಡಿದ. ಅವಳು ನೆಲ ನೋಡಿದಳು.

"ಗೊತ್ತಿಲ್ವಾ? ಕೇಳು. ಬಾಯಿಗೆ ಬೀಗ ಜಡಿದಿದ್ದಾರಾ?"

ಕೇಳಿದರು. ಹುಡುಗಿ ಹೇಳಿದ ಹೆಸರಿಗೆ ನಾಲಿಗೆ ಹೊರಳಲಿಲ್ಲ; ಇನ್ನೊಮ್ಮೆ ಹೇಳಿಸಿದರು. ತಮ್ಮವೂ ಹೇಳಿದರು. ಬೇಸರಕ್ಕೆ ಮಾತು ಬೆಳೆಯಿತು. ಅವಳ ಅಮ್ಮ ಬಟ್ಟೆ ಹೊಲಿಯುತ್ತಾಳಂತೆ. ಕನ್ನಡಕದವಳ ಅಮ್ಮನದೂ ಅದೇ ಕಸುಬು.

"ಹಾಗಾದ್ರೆ ಗುಂಡಿ ಹಚ್ಚೋ ಕೆಲಸ ನಿಂಗೇ ಬೀಳ್ತಿತ್ತಾ?" ಕನ್ನಡಕದವಳು ಕೇಳಿದಳು.

"ನಂಗೇ. ಬೆರಳೆಲ್ಲ ತೂತು."

ಇಬ್ಬರೂ ನಕ್ಕರು. ಇವರಿಗೆ ಒಳ್ಳೆಯ ಬುದ್ಧಿ ಬಂತೆಂದು ಯಾರೂ ತಿಳಿಯಬಾರದು. ಕಾಲು ನೋಯುತ್ತಿತ್ತು, ಅಷ್ಟೇ.

ಮೇಲ್ವಿಚಾರಕರು ಒಳಗೆ ಬಂದರು. "ಏನ್ರೀ, ಇನ್ನೂ ಆಗಿಲ್ವಾ?"

"ಸ್ನೇಹ ಫೋಕಸ್ ಆಗ್ತಿಲ್ಲ ಸಾರ್."

"ಮೊದಲು ತೆಗೆದದ್ದೇ ಸಾಕು ಬಿಡ್ರಿ. ಹೊರಗಿನವರಿಗೆ ಏನು ಗೊತ್ತಾಗುತ್ತೆ?"

ಮೂವರು ಕಟ್ಟು ಬಿಚ್ಚಿದ ಕರುಗಳಂತೆ ಓಡಿದರು. ಕನ್ನಡಕದವಳು ಮಾತ್ರ ಹೋಗಲಿಲ್ಲ. ದಾರ ಹಲ್ಲಿನಿಂದ ಕಚ್ಚಿದರೆ ತನ್ನ ಅಮ್ಮನ ಕೈಯಿಂದ ಬೀಳುತ್ತಿದ್ದ ಏಟಿನ ಕಥೆ ಇನ್ನೂ ಮುಗಿದಿರಲಿಲ್ಲ.

"ಅಣ್ಣಾ," ಎಂದಳು ಪರದೇಶದ ಹುಡುಗಿ, "ಆ ದೊಡ್ಡ ಫೋಟೋ ಅಮ್ಮನಿಗೆ ಬೇಡ. ಇವಳೊಬ್ಬಳ ಜೊತೆ ಒಂದು ತೆಗೀರಿ."

ಪಟಾಕಿ ಕ್ಯಾಮೆರಾ ಎತ್ತಿದ. ಅಷ್ಟು ದೊಡ್ಡ ಕಾಲೇಜು ಸೇರಿ ಹೆತ್ತದ್ದು ಒಬ್ಬಳೇ ಗೆಳತಿಯನ್ನು, ಅದೂ ಬೈಸಿಕೊಂಡು. ಸಂಜೆಯವರೆಗೂ ಅವನ ಸಿಟ್ಟು ಇಳಿಯಲಿಲ್ಲ.