ಬಿಲದ ತಳದ ಪಾಲು

ಸಯಾನ್ ಬೆಟ್ಟಗಳ ನಡುವೆ ಉದಾ ಹೊಳೆಯ ದಂಡೆಯವರಿಗೆಲ್ಲ ಅಕ್ಸಿನ್ಯಾಳ ನಿಲ್ಲದ ಕಾಲು ಗೊತ್ತು. ಅವಳು ಚಹಾ ಕುಡಿಯುವುದೂ ನಿಂತೇ. "ನಮ್ಮತ್ತಿಗೆ ನಿದ್ದೇಲೂ ಒಂದ್ ಬೆಟ್ಟ ಹತ್ತಿ ಇಳೀತಾಳೆ" ಎಂದು ಗಂಡನ ತಂಗಿ ದಾರ್ಯಾ ನಗಾಡುವಳು.

ಆ ಅವಸರವೇ ಅವಳ ಕೈಲಿ ತಪ್ಪು ಮಾಡಿಸಿತು. ಪೈನ್ ಬೀಜ ಆಯುವ ಕೊನೆಯ ದಿನಗಳು. ಬಾನು ಹಿಮ ಹೊತ್ತು ಕೆಳಗಿಳಿದಿತ್ತು. ಬೇರಿನಡಿ ಬುರುಂದುಕ್‌ನ ಬಿಲ ಸಿಕ್ಕಿತು. ಬೆನ್ನ ಮೇಲೆ ಐದು ಕರಿಗೆರೆಯ ಆ ನೆಲದ ಅಳಿಲು ಚಳಿಗಾಲಕ್ಕೆ ಕೂಡಿಟ್ಟ ಬೀಜದಲ್ಲಿ ಜೊಳ್ಳು ಒಂದೂ ಇರುವುದಿಲ್ಲ. ಬಿಲ ಸಿಕ್ಕವರು ಮೇಲಿನ ಪಾಲು ತೆಗೆದುಕೊಂಡು, ತಳದ್ದು ಬಿಟ್ಟು, ಪಾಚಿ ಮುಚ್ಚಿ ಬರುವುದು ವಾಡಿಕೆ. ಅಕ್ಸಿನ್ಯಾ ಎರಡೂ ಕೈಲಿ ಅಷ್ಟನ್ನೂ ಬಾಚಿ ಚೀಲಕ್ಕೆ ಸುರಿದು ನಡೆದೇಬಿಟ್ಟಳು.

ಗುಡಿಸಲಲ್ಲಿ ದಾರ್ಯಾ ಚೀಲ ಎತ್ತಿ ನೋಡಿದಳು. "ತಳಾನೂ ಗೋರಿದೀಯಲ್ಲ ಅತ್ತಿಗೆ! ಅದರ ಪಾಡೇನು?"

"ಗಡಿಬಿಡೀಲಿ ಆಯ್ತು ಕಣೆ."

"ಪೂರ್ತಿ ದೋಚಿದ್ರೆ ಕವಲುಕಡ್ಡೀಲಿ ಕತ್ತು ಸಿಗಿಸ್ಕೊಂಡು ಸಾಯ್ತದಂತೆ."

"ಅಂತೆ, ಅಂತೆ! ಕಂಡೋರ್ಯಾರು?" ಎಂದಳು. ಆದರೆ ಮಲಗುವ ಮುಂಚೆ ಚೀಲವನ್ನು ಬಾಗಿಲ ಬಳಿ ತಂದಿಟ್ಟುಕೊಂಡಳು.

ಬೆಳಗಾದಾಗ ಹಿಮ ಉದುರಲು ಶುರುವಾಗಿತ್ತು. ಅಕ್ಸಿನ್ಯಾ ಚೀಲ ಹೊತ್ತು ಬಿಲದ ಕಡೆ ಓಡಿದಳು, ಹಿಂದೆಯೇ ದಾರ್ಯಾ. ಅಕ್ಸಿನ್ಯಾ ಸುತ್ತಲ ಕವಲುಕಡ್ಡಿಗಳನ್ನೆಲ್ಲ ಹೆದರುತ್ತ ನೋಡಿದಳು, ಏನೂ ಇಲ್ಲ. ಆಗ ಮೋಟುಮರದ ಮೇಲಿಂದ ಬುರುಂದುಕ್ "ಕ್ರುಕ್, ಕ್ರುಕ್!" ಎಂದಿತು. ಬದುಕಿದೆ!

ತಳದ ಪಾಲನ್ನು ಹಳೆಯ ಬಿಲಕ್ಕೆ ಸುರಿದಳು. ಅದು ಹತ್ತಿರವೂ ಸುಳಿಯಲಿಲ್ಲ. ಒಮ್ಮೆ ಒಡೆದ ಮನೆ, ಹೇಗೆ ನಂಬೀತು? ಆಚೆಯ ಬೇರಿನಡಿ ಹೊಸ ತೂತಿಗೆ ಹೋಗಿಬರುತ್ತಿತ್ತು. ಸುರಿದ ಬೀಜವನ್ನು ಮತ್ತೆ ತೋಡಿ ಅಲ್ಲಿ ರಾಶಿ ಹಾಕಿ ಹಿಂದೆ ಸರಿದಳು. ಕೂಡಲೇ ಕಾಡುಹಕ್ಕಿಗಳು ಎರಗಿದವು. ಓಡಿಸಲು ಎದ್ದರೆ ಬುರುಂದುಕ್ ಕೂಡ ಮಾಯ. ಕೂತರೆ ಮತ್ತೆ ಹಕ್ಕಿ.

"ಏನ್ ಮಾಡ್ಲೇ ದಾರ್ಯಾ?"

"ಒಂದ್ ಗಳಿಗೆ ತೆಪ್ಪಗೆ ಕೂತು ಯೋಚ್ನೆ ಮಾಡು ಮಾರಾಯ್ತಿ."

ಅಕ್ಸಿನ್ಯಾ ಬರ್ಚ್ ಮರದ ತೊಗಟೆ ಸುಲಿದು, ಬಾಗಿಸಿ ರಾಶಿಯ ಮೇಲೆ ಕವುಚಿದಳು. ಅಂಚಿಗೆ ಕಲ್ಲು ಹೇರಿ, ಒಂದು ಕಡೆ ಮೂರು ಬೆರಳಿನ ಸಂದು ಬಿಟ್ಟಳು. ಹಕ್ಕಿಗಳು ತೊಗಟೆ ಕುಟ್ಟಿ ಕುಟ್ಟಿ ಬೇಸತ್ತು ಹಾರಿದವು. ಬುರುಂದುಕ್ ಬಂತು, ಮೂಸಿತು, ನುಸುಳಿತು. ಹಲ್ಲುನೋವಿನವರ ಹಾಗೆ ಎರಡೂ ಕೆನ್ನೆ ಊದಿಸಿಕೊಂಡು ಹೊರಬಂದು ಬೇರಿನಡಿ ಮರೆಯಾಯಿತು. ಮತ್ತೆ ಬಂತು. ಮತ್ತೆ.

ಹಿಮ ದಟ್ಟವಾಯಿತು. "ದಾರಿ ಮುಚ್ತದೆ, ಏಳೇ" ಎಂದಳು ದಾರ್ಯಾ. "ಇನ್ನೊಂದ್ ಹೊರೆ ಹೋಗ್ಲಿ ತಾಳು" ಎಂದಳು ಅಕ್ಸಿನ್ಯಾ.

ಮಧ್ಯಾಹ್ನಕ್ಕೆ ತೊಗಟೆಯಡಿ ಬರಿದಾಯಿತು. ಬುರುಂದುಕ್ ಒಳಗೆಲ್ಲ ತಡಕಾಡಿ ಹೊರಬಂದು, ಹಿಂಗಾಲ ಮೇಲೆ ನಿಂತು ಅಕ್ಸಿನ್ಯಾಳ ಮುಖ ನೋಡಿ ಗದರಿತು.

"ಸಾಲ್ದಂತೆ" ಎಂದು ದಾರ್ಯಾ ನಕ್ಕಳು.

ಅಕ್ಸಿನ್ಯಾ ನಗಲಿಲ್ಲ. ಮೇಲಿನ ಪಾಲು ಇನ್ನೂ ಉಳಿದಿದ್ದ ಚೀಲದ ಬಾಯಿ ಮತ್ತೆ ಬಿಚ್ಚಿದಳು.