ಮುಚ್ಚಳದ ಮೇಲಿನ ಹೆಸರು

ಮೊನ್ನೆ ಅಡುಗೆಮನೆಯ ಮೇಲಿನ ಕಪಾಟು ಒರೆಸುವಾಗ ಆ ಸ್ಟೀಲ್ ಡಬ್ಬಿ ಕೈಗೆ ಬಂತು. ಮುಚ್ಚಳ ತೆಗೆದರೆ ಬೆಳ್ಳುಳ್ಳಿಯ ಸಣ್ಣ ವಾಸನೆ ಇನ್ನೂ ಇತ್ತು... ಅಥವಾ ನನಗೆ ಹಾಗನ್ನಿಸಿತೋ. ಮುಚ್ಚಳದ ಮೇಲೆ ಒಂದು ಹೆಸರು ಕೊರೆಸಿದೆ. ಅದು ಮೊದಲು ಮೇಲಿನ ಮನೆಯಲ್ಲಿದ್ದವರ ತಾಯಿಯ ಹೆಸರು.

ನೆದರ್ಲೆಂಡ್ಸಿನ ವೂರ್‌ಬರ್ಗ್‌ನ ಈ ಕಟ್ಟಡದಲ್ಲಿ ಆಗ ಕನ್ನಡ ಆಡುವವರೆಂದರೆ ನಾವಿಬ್ಬರೇ. ಅವರು ಧಾರವಾಡದ ಕಡೆಯ ಇಂಜಿನಿಯರ್, ಮದುವೆಯಾಗಿರಲಿಲ್ಲ. ನಾನು ಮೈಸೂರಿನವಳು, ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಭಾನುವಾರ ಅವರು ಶೇಂಗಾ ಚಟ್ನಿಪುಡಿ ತುಂಬಿದ ಡಬ್ಬಿ ಹಿಡಿದು ಇಳಿದು ಬರುತ್ತಿದ್ದರು. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವಲ್ಲ, ನಾನೂ ಏನಾದರೂ ತುಂಬಿ ಕೊಡುತ್ತಿದ್ದೆ. ವಾರದಲ್ಲಿ ನಾನು ಬಾಯ್ತುಂಬ ಮಾತಾಡುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ.

ಕೊರೊನಾದಿಂದ ವಿಮಾನಗಳು ನಿಂತಿದ್ದ ಕಾಲದಲ್ಲಿ ಊರಿನಲ್ಲಿ ಅವರ ತಾಯಿ ತೀರಿಹೋದರು. ಇವರಿಗೆ ಮಣ್ಣಿಗೂ ಹೋಗಲಾಗಲಿಲ್ಲ. ಆಮೇಲೆ ನಾಲ್ಕೈದು ತಿಂಗಳು ಆಫೀಸಿನ ಗೆಳೆಯನ ಜೊತೆ ಕೂತು ಗಾಂಜಾ ಸೇದಿದರು. ಇಲ್ಲಿ ಅದು ಅಂಗಡಿಯಲ್ಲೇ ಸಿಗುತ್ತದೆ. ಆಮೇಲೆ ತಾವಾಗಿಯೇ ಬಿಟ್ಟರು. ಇದನ್ನು ನನಗೆ ಹೇಳಿಕೊಂಡಿದ್ದರು.

ಮುಂದೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಿ ಇಲ್ಲಿಯವರಾದರು. ಬಹಳ ದಿನದಿಂದ ಆಸೆಪಟ್ಟಿದ್ದ ರಕ್ಷಣಾ ಇಲಾಖೆಯ ಕೆಲಸಕ್ಕೆ ಅದು ಬೇಕಿತ್ತು. ಕೆಲಸ ಸಿಕ್ಕೂ ಸಿಕ್ಕಿತು, ಭದ್ರತಾ ತಪಾಸಣೆಯೊಂದು ಬಾಕಿ. ಅದರ ಅರ್ಜಿ ಹಿಡಿದು ನನ್ನ ಬಳಿಗೇ ಬಂದರು. ಊರಿನ ಭಾರತೀಯರ ನಡುವೆ ಅರ್ಜಿ ತುಂಬಿಸುವುದಕ್ಕೆ ನಾನು ಹೆಸರುವಾಸಿ. ನಾವು ತುಂಬುವ ರೀತಿಯೂ ಗೊತ್ತಲ್ಲ: ರೋಗ ಇದೆಯೇ, ಕೇಸು ಇದೆಯೇ, ಚಟ ಇದೆಯೇ... ಪ್ರಶ್ನೆ ಓದುವ ಮೊದಲೇ ಎಲ್ಲದಕ್ಕೂ ‘ಇಲ್ಲ’.

ಮಾದಕ ವಸ್ತುವಿನ ಪ್ರಶ್ನೆ ಬಂದಾಗ ಅವರ ಪೆನ್ನು ನಿಂತಿತು.

“ಅಕ್ಕಾರ, ಇಲ್ಲಿ ಖರೇ ಬರೀಲೇನ್ರಿ?”

“ಅಯ್ಯೋ, ಸುಮ್ನೆ ಇಲ್ಲ ಅಂತ ಹಾಕಿ. ಯಾರು ಬಂದು ನೋಡ್ತಾರೆ?” ಎಂದೆ.

ನೋಡಿದರು. ತಪಾಸಣೆಯವರು ಆಫೀಸಿನ ಆ ಹಳೆಯ ಗೆಳೆಯನನ್ನೂ ಮಾತಾಡಿಸಿದರು. ಅವನಿಗೇನು, ಇದ್ದದ್ದನ್ನು ಹೇಳಿದ. ಇವರನ್ನು ಮತ್ತೆ ಕರೆಸಿ ಕೇಳಿದಾಗಲೂ ಇವರು ನಾನು ಹೇಳಿಕೊಟ್ಟದ್ದನ್ನೇ ಹೇಳಿದರು. ಅನುಮತಿ ಸಿಗಲಿಲ್ಲ, ಕೆಲಸ ಹೋಯಿತು.

“ಸೇದಿದ್ದಕ್ಕಲ್ರಿ ಅಕ್ಕಾರ,” ಎಂದರು ನನ್ನ ಕುರ್ಚಿಯಲ್ಲಿ ಕೂತು. “ಸೇದಿದ್ದೆ, ಬಿಟ್ಟೀನಿ ಅಂದಿದ್ರ ವಿಚಾರ ಮಾಡ್ತಿದ್ರಂತ. ಸುಳ್ಳು ಹೇಳಿದವನ್ನ ನಂಬೂದು ಹೆಂಗ ಅಂದ್ರು.”

ಹಾಗೆ ಬರೆಯಲು ಯಾರಾದರೂ ಹೇಳಿಕೊಟ್ಟರೇ ಎಂದೂ ಕೇಳಿದ್ದರಂತೆ. ‘ಯಾರೂ ಇಲ್ಲ’ ಅಂದರಂತೆ ಇವರು. ತಪ್ಪಾಯಿತು ಎನ್ನಬೇಕಿತ್ತು ನಾನು. ಕಾಫಿ ಮಾಡಲೇ ಎಂದು ಕೇಳಿದೆ.

ಆಮೇಲೆ ಅವರು ಕೆಳಗೆ ಬರಲಿಲ್ಲ, ನಾನು ಮೇಲೆ ಹೋಗಲಿಲ್ಲ. ಮನೆ ಖಾಲಿ ಮಾಡಿದ ದಿನ ನನ್ನ ಬಾಗಿಲ ಬೆಲ್ ಎರಡು ಸಲ ಬಡಿಯಿತು. ಅವರೇ ಎಂದು ಗೊತ್ತಿತ್ತು. ಮುಖ ತೋರಿಸಲಾಗದೆ, ಒಳಗಿದ್ದೂ ಇಲ್ಲದವಳ ಹಾಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಅವರು ಸ್ವಲ್ಪ ಹೊತ್ತು ಕಾದು ಇಳಿದು ಹೋದರು.

ಈಗ ಅವರ ನಂಬರು ಹೋಗುವುದಿಲ್ಲ, ಎಲ್ಲಿದ್ದಾರೋ... ಮೇಲಿನ ಮನೆಯಲ್ಲಿ ಬೇರೆ ಯಾರೋ ಓಡಾಡುವ ಸದ್ದು ಕೇಳುತ್ತದೆ, ಭಾನುವಾರ ನಾನು ಯಾರ ಜೊತೆಗೂ ಮಾತಾಡುವುದಿಲ್ಲ. ಮೊನ್ನೆ ಡಬ್ಬಿ ತೊಳೆದು ಚಟ್ನಿಪುಡಿ ತುಂಬಿಟ್ಟೆ. ಮುಚ್ಚಳ ಹಾಕುವಾಗ ಆ ಹೆಸರಿನ ಮೇಲೆ ಬೆರಳಾಡಿತು. ವಿದಾಯ ಹೇಳಲು ಬಂದಿದ್ದರು ಎಂದೇ ಇಷ್ಟು ದಿನ ಅಂದುಕೊಂಡಿದ್ದೆ. ಅವರು ಆವತ್ತು ಕೇಳಲು ಬಂದದ್ದು ತಮ್ಮ ಅವ್ವನ ಡಬ್ಬಿಯನ್ನೇ ಇರಬೇಕು.