ಪೇಂಟ್ ಶಾಪಿನ ಹುಕುಂ

ಮಧ್ಯಾಹ್ನ ಊಟವಾದ ಮೇಲೆ ನನ್ನ ಯಜಮಾನರಿಗೆ ಒಂದು ನಿದ್ದೆ ಬೇಕೇ ಬೇಕು. ಮರೆವಿನ ರೋಗ ಏನೆಲ್ಲ ಕಿತ್ತುಕೊಂಡರೂ ಇದನ್ನು ಮುಟ್ಟಿಲ್ಲ. ಆದರೆ ಕಣ್ಣು ಮುಚ್ಚಿದರೆ ಉಸಿರು ನಡುನಡುವೆ ನಿಂತುಬಿಡುತ್ತದೆ. ಹೀಗೇ ಬಿಟ್ಟರೆ ಹೃದಯಕ್ಕೂ ಪೆಟ್ಟು, ಉಳಿದ ನೆನಪಿಗೂ ಪೆಟ್ಟು ಎಂದು ಡಾಕ್ಟರರು ಹೇಳಿದ್ದರು. ಅದಕ್ಕೇ ನಿಗಡಿಯ ನಮ್ಮ ಮನೆಯ ಮಂಚದ ಪಕ್ಕ ಸಿಪ್ಯಾಪ್ ಯಂತ್ರ. ಮೂಗಿಗೆ ಮಾಸ್ಕ್ ಹಾಕಿಕೊಂಡರೆ ಅದು ಗಾಳಿ ಒತ್ತಿ ಉಸಿರು ನಡೆಸುತ್ತದೆ. ಹಾಕಿಕೊಳ್ಳಬೇಕಲ್ಲ! ನಾನು ಕಟ್ಟುವುದು, ಅವರು ಕಿತ್ತೆಸೆಯುವುದು. ಒಮ್ಮೆ ನನ್ನ ಕೈ ಪರಚಿ ರಕ್ತ ಬರಿಸಿದರು.

ಆ ಗಾಯ ನೋಡಿ ಮೈದುನ ಬುದ್ಧಿ ಹೇಳಲು ಬಂದರು. "ವೈನಿ, ಅಣ್ಣಗ ಯಾಕಿಷ್ಟ ತ್ರಾಸ ಕೊಡ್ತೀರಿ? ತಿಳುವಳಿಕಿ ಹೋಗೇದ. ಇನ್ನ ಬಿಟ್ಟಬಿಡ್ರಿ."

"ಉಸಿರು ನಿಂತಾಗ ಬಾಜೂಕ ಕೂತಿರಾಕಿ ನಾನು," ಎಂದೆ. "ಬಿಡ್ರಿ ಅನ್ನೂದು ನಿಮಗ ಭಾಳ ಸಸ್ತಾ."

ಮೈಯೆಲ್ಲ ಉರಿಯುತ್ತಿತ್ತು. ಬದುಕಿರುವ ಮನುಷ್ಯನನ್ನು ಲೆಕ್ಕದಿಂದ ತೆಗೆದುಹಾಕುವ ಇವರು ಯಾರು?

ಒಂದು ದಿನ ಪಕ್ಕದ ಮನೆಯವರು ಬಾಗಿಲಿಗೆ ಬಣ್ಣ ಹೊಡೆಸುತ್ತಿದ್ದರು. ವಾಸನೆ ಬಂದದ್ದೇ ತಡ, ಇವರು ಟವೆಲ್ಲಿನಿಂದ ಮೂಗು ಮುಚ್ಚಿಕೊಂಡು ನನಗೆ ಮರಾಠಿಯಲ್ಲಿ ಗದರಿದರು: "ಮಾಸ್ಕ್ ಲಾವಾ!" ಮಾಸ್ಕ್ ಹಾಕಿಕೊಳ್ಳಿ ಎಂದು. ನನ್ನ ತಪ್ಪು ಆಗ ಹೊಳೆಯಿತು. ಪಿಂಪ್ರಿಯ ಕಾರ್ಖಾನೆಯೊಂದರ ಪೇಂಟ್ ಶಾಪಿನಲ್ಲಿ ಬಣ್ಣ ಹೊಡೆದೇ ನಿವೃತ್ತರಾದವರು ಇವರು. ಅಲ್ಲಿ ಮಾಸ್ಕ್ ಇಲ್ಲದೆ ಕಾಲಿಡುವಂತಿರಲಿಲ್ಲ, ಹುಕುಮೆಲ್ಲ ಮರಾಠಿಯಲ್ಲಿ. ಕನ್ನಡವೇನಿದ್ದರೂ ಮನೆಗೆ, ಊಟಕ್ಕೆ, ಜಗಳಕ್ಕೆ. ನಾನು ಪೆದ್ದಿ, ಕನ್ನಡದಲ್ಲಿ "ಹಾಕ್ಕೋರಿ, ಹಾಕ್ಕೋರಿ" ಎಂದು ಗೋಗರೆಯುತ್ತ ಕೂತಿದ್ದೆ. ಮನೆಯಲ್ಲಿ ಯಾರಾದರೂ ಮಾಸ್ಕ್ ಹಾಕುತ್ತಾರೆಯೇ!

ಮರುದಿನ ಊಟವಾದೊಡನೆ ಅವರ ಕಾರ್ಖಾನೆಯ ಹಳೆಯ ನೀಲಿ ಅಂಗಿಯನ್ನು ಸೀರೆಯ ಮೇಲೆ ತೊಟ್ಟು, ಪೇಂಟ್ ಶಾಪಿನ ಸಾಹೇಬನ ಹಾಗೆ ಸೊಂಟಕ್ಕೆ ಕೈ ಕೊಟ್ಟು ನಿಂತೆ. "ಮಾಸ್ಕ್ ಲಾವಾ! ಮಾಸ್ಕ್ ನಾಹೀ ತರ್ ಆತ ನಾಹೀ!" ಮಾಸ್ಕ್ ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಎಂದು ಗದರಿದೆ.

"ಹೋ ಸಾಹೇಬ," ಎಂದು ಒಪ್ಪಿ ತಾವೇ ಹಾಕಿಕೊಂಡರು.

ಗೆದ್ದೆನೆಂದು ಬೀಗಿದೆ. ಎಲ್ಲಿಯ ಗೆಲುವು! ಮಂಚದ ಮೇಲೆ ನೆಟ್ಟಗೆ ಕೂತೇ ಬಿಟ್ಟರು. ಮಲಗಿ ಎಂದರೆ ತಲೆಯಾಡಿಸಿದರು. ಡ್ಯೂಟಿಯ ಮೇಲೆ ನಿದ್ದೆ ಹೊಡೆಯುವ ಜಾಯಮಾನ ಅವರದಲ್ಲವೇ ಅಲ್ಲ. ಕೊನೆಗೆ "ಲೈನ್ ಬಂದ್ ಆಹೇ, ಪಡಾ ಜರಾ," ಕೆಲಸ ನಿಂತಿದೆ, ಸ್ವಲ್ಪ ಅಡ್ಡಾಗಿ ಎಂದು ಸುಳ್ಳು ಹೇಳಿದೆ. ಅನುಮಾನಿಸುತ್ತಲೇ ಮಲಗಿದರು.

ಆಮೇಲೆ ನನ್ನ ಕೈ ಹಿಡಿದು ಸಣ್ಣ ದನಿಯಲ್ಲಿ, ಕನ್ನಡದಲ್ಲೇ ಕೇಳಿದರು: "ಸಾಹೇಬ್ರ, ಇವತ್ತ ಓವರ್‌ಟೈಮ್ ಹಚ್ಚಬ್ಯಾಡ್ರಿ. ಮನ್ಯಾಗ ನಮ್ಮಾಕಿ ಕಾಯ್ತಾಳ. ನಾ ಹೋಗೂತನಕಾ ಉಣ್ಣಂಗಿಲ್ಲ ಅಕಿ."

ಅಂಗಿ ಕಿತ್ತೆಸೆದು, "ಅಕಿ ನಾನಽ ಅದೀನ್ರಿ" ಎಂದು ಅಳಬೇಕೆನಿಸಿತು. ಅತ್ತರೆ ಸಾಹೇಬ ಹೋಗುತ್ತಾನೆ, ಅವನ ಹಿಂದೆ ಮಾಸ್ಕೂ ಹೋಗುತ್ತದೆ. ಮದುವೆಯಾದಾಗಿನಿಂದ ಅವರನ್ನು ಏಕವಚನದಲ್ಲಿ ಕರೆದವಳಲ್ಲ ನಾನು. ಅವತ್ತು ಕರೆದೆ.

"ಕಾಯ್ಲಿ ಬಿಡೋ. ಅಕಿ ಭಾಳ ಗಟ್ಟಿ ಹೆಣಮಗಳು. ನೀ ಮಲಕ್ಕೋ."

ಕಣ್ಣು ಮುಚ್ಚಿದರು. ಅಂಗಿಯ ಒಂದು ಗುಂಡಿಯನ್ನೂ ಬಿಚ್ಚದೆ ಪಕ್ಕದಲ್ಲಿ ಕೂತೆ. ಉಸಿರು ಒಂದೇ ಸಮ ಬರುತ್ತಿತ್ತು.